ಹಳೇ ಗಾಡಿಯ ಕರೆಂಟು ಕೈಕೊಟ್ಟಾಗ: ದೋಷ ಹುಡುಕುವ ಸಮಗ್ರ ಮಾರ್ಗದರ್ಶಿ

ಹಳೇ ಕಾರಿನ ಹೆಡ್‌ಲೈಟು ಮಂಕಾಯಿತು ಅಂದ ಕೂಡಲೇ ಸಿಗುವ ಸಲಹೆ, ಬ್ಯಾಟರಿ ಬದಲಾಯಿಸಿ. ಅದು ಆಗಲಿಲ್ಲ ಅಂದ್ರೆ ಎಂಜಿನ್ ಬಲದಿಂದ ತಿರುಗಿ ಕರೆಂಟು ಮಾಡುವ ಡೈನಮೋ. ಆಮೇಲೆ ಅದರ ವೋಲ್ಟೇಜು ಹದದಲ್ಲಿಡುವ ರೆಗ್ಯುಲೇಟರ್. ಇಷ್ಟೆಲ್ಲ ಹೊಸದಾದ ಮೇಲೂ ಲೈಟು ಮೊದಲಿನಷ್ಟೇ ಮಂಕಾಗಿ ಉಳಿದ ಗಾಡಿಗಳು ಬೇಕಾದಷ್ಟಿವೆ. ಕಾರಣ ಸರಳ. ಹಳೇ ಗಾಡಿಯಲ್ಲಿ ಬಹಳಷ್ಟು ಸಲ ಕೆಟ್ಟಿರುವುದು ಯಾವ ಭಾಗವೂ ಅಲ್ಲ, ಒಂದು ಭಾಗ ಇನ್ನೊಂದಕ್ಕೆ ಸೇರುವ ಜಾಗ. ಕಿಲುಬು ಹಿಡಿದ ಹಿತ್ತಾಳೆ ಟರ್ಮಿನಲ್, ಪೇಂಟಿನ ಮೇಲೆ ಕೂತ ಅರ್ಥ್ (ಗಾಡಿಯ ಲೋಹದ ಮೈ ಮೂಲಕ ಕರೆಂಟು ಬ್ಯಾಟರಿಗೆ ಮರಳುವ ದಾರಿ) ಬೋಲ್ಟು, ಬಿಗಿ ಕಳೆದುಕೊಂಡ ಫ್ಯೂಸ್ ಕ್ಲಿಪ್ಪು, ಇಂಥವು.

ಹಾಗಾಗಿ ಏನನ್ನೂ ಕೊಳ್ಳುವ ಮೊದಲು ಅಳೆಯಬೇಕು. ಅದೂ ಕರೆಂಟು ಹರಿಯುತ್ತಿರುವಾಗಲೇ ಅಳೆಯಬೇಕು. ಇಲ್ಲಿ ಹೇಳುತ್ತಿರುವುದು ಕಂಪ್ಯೂಟರ್ ಇಲ್ಲದ, ಪಾಯಿಂಟು (ಕಾಯಿಲ್ಲಿನ ಕರೆಂಟು ಕಡಿದು ಸೇರಿಸುವ ಪುಟ್ಟ ಸ್ವಿಚ್ಚು) ಮತ್ತು ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟು ಮಾಡುವ ಸುರುಳಿ) ಮೇಲೆ ಓಡುವ ಗಾಡಿಗಳ ವಿಷಯ. ಕಾರು, ಜೀಪು, ವ್ಯಾನು ಯಾವುದಾದರೂ ಸರಿ, ಕ್ರಮ ಒಂದೇ.

ಹಂತ 1: ಗಾಡಿಯ ಜಾತಕ ನೋಡಿಕೊಳ್ಳಿ

ಮೂರು ವಿಷಯ ಗೊತ್ತಿಲ್ಲದೆ ಸ್ಪ್ಯಾನರ್ ಕೈಗೆ ತೆಗೆದುಕೊಳ್ಳಬೇಡಿ.

ಮೊದಲನೆಯದು, 6 ವೋಲ್ಟೋ 12 ವೋಲ್ಟೋ? ಮುಚ್ಚಳ ಇರುವ ಬ್ಯಾಟರಿ ಆದರೆ ಎಣಿಸಿ. ಪ್ರತಿ ಸೆಲ್ ಸುಮಾರು 2 ವೋಲ್ಟು ಕೊಡುತ್ತದೆ. ಮೂರು ಮುಚ್ಚಳ ಇದ್ದರೆ 6 ವೋಲ್ಟು, ಆರು ಇದ್ದರೆ 12. ಆದರೆ ಒಂದು ಎಚ್ಚರಿಕೆ: ಕೆಲವು ಗಾಡಿಗಳಲ್ಲಿ 6 ವೋಲ್ಟಿನ ಎರಡು ಬ್ಯಾಟರಿ ಸೇರಿಸಿ 12 ಮಾಡಿರುತ್ತಾರೆ.

ಎರಡನೆಯದು, ಬ್ಯಾಟರಿಯ ಯಾವ ಟರ್ಮಿನಲ್ ಗಾಡಿಯ ಬಾಡಿಗೆ (ಲೋಹದ ಮೈಗೆ) ಸೇರಿದೆ? ಇಂದಿನ ಗಾಡಿಗಳಲ್ಲಿ ನೆಗೆಟಿವ್ ಅರ್ಥ್. 1960ರ ದಶಕದ ಮಧ್ಯದವರೆಗೆ ಬಂದ ಹೆಚ್ಚಿನ ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ಅರ್ಥ್. ಬ್ಯಾಟರಿಯಿಂದ ಹೊರಟು ನೇರವಾಗಿ ಬಾಡಿಗೆ ಬೋಲ್ಟ್ ಆಗಿರುವ ದಪ್ಪ ಕೇಬಲ್ ಹಿಡಿದು ಹೋಗಿ, ಅದು ಪ್ಲಸ್ಸೋ ಮೈನಸ್ಸೋ ನೋಡಿ. ಕೈಪಿಡಿಯಲ್ಲಿ ಏನೇ ಬರೆದಿರಲಿ, ಹಿಂದಿನ ಮಾಲೀಕರು ಬದಲಾಯಿಸಿರಬಹುದು. ಇದು ಉಲ್ಟಾ ಆದರೆ ಬಲ್ಬುಗಳಿಗೇನೂ ಆಗುವುದಿಲ್ಲ. ಆದರೆ ರೇಡಿಯೋ, ಎಲೆಕ್ಟ್ರಾನಿಕ್ ಇಗ್ನಿಷನ್, ಆಲ್ಟರ್ನೇಟರಿನ (ಡೈನಮೋ ಜಾಗಕ್ಕೆ ಬಂದ ಹೊಸ ಬಗೆಯ ಕರೆಂಟು ಯಂತ್ರ) ಡಯೋಡು ಕ್ಷಣದಲ್ಲಿ ಸುಟ್ಟು ಹೋಗುತ್ತವೆ.

ಮೂರನೆಯದು, ಡೈನಮೋ ಇದೆಯೋ ಆಲ್ಟರ್ನೇಟರೋ? ಡೈನಮೋ ಉದ್ದನೆಯ ಸಿಲಿಂಡರ್, ಹಿಂಭಾಗದಲ್ಲಿ ಸಾಮಾನ್ಯವಾಗಿ ಎರಡೇ ವೈರು. ಆಲ್ಟರ್ನೇಟರ್ ಗಿಡ್ಡ, ದಪ್ಪ, ಮೈ ತುಂಬ ಗಾಳಿಕಿಂಡಿ.

ಇಷ್ಟಾದ ಮೇಲೆ ವೈರಿಂಗ್ ನಕ್ಷೆ ಹುಡುಕಿ, ದೊಡ್ಡದಾಗಿ ಪ್ರಿಂಟ್ ತೆಗೆದುಕೊಳ್ಳಿ. ವೈರಿನ ಬಣ್ಣಕ್ಕೂ ಅರ್ಥವಿದೆ, ಆದರೆ ಆ ಅರ್ಥ ದೇಶದಿಂದ ದೇಶಕ್ಕೆ ಬೇರೆ. ಬ್ರಿಟಿಷ್ ಗಾಡಿಯಲ್ಲಿ ಕಂದು ಬಣ್ಣದ ವೈರು ಬ್ಯಾಟರಿಯಿಂದ ಫ್ಯೂಸೇ ಇಲ್ಲದೆ ನೇರ ಬರುವ ಲೈವ್, ಅಂದ್ರೆ ಅರ್ಥ್ ಅಲ್ಲದ ಕಡೆ. ಜರ್ಮನ್ ಗಾಡಿಯಲ್ಲಿ ಅದೇ ಕಂದು ಅಂದ್ರೆ ಅರ್ಥ್! ಬ್ರಿಟಿಷ್ ಪದ್ಧತಿಯಲ್ಲಿ ಬಿಳಿ ಇಗ್ನಿಷನ್ ಕೀಯಿಂದ ಬರುವುದು, ಹಸಿರು ಅದೇ ಲೈನು ಫ್ಯೂಸ್ ದಾಟಿದ ಮೇಲಿನದು, ಕಪ್ಪು ಅರ್ಥ್, ನೀಲಿ ಹೆಡ್‌ಲೈಟು, ಕೆಂಪು ಸೈಡ್ ಮತ್ತು ಟೈಲ್ ಲೈಟು. ಜರ್ಮನ್ ಪದ್ಧತಿಯಲ್ಲಿ ಟರ್ಮಿನಲ್ಲುಗಳ ಮೇಲೆ ನಂಬರ್ ಇರುತ್ತದೆ: 30 ಬ್ಯಾಟರಿ ಲೈವ್, 15 ಇಗ್ನಿಷನ್, 31 ಅರ್ಥ್, 50 ಸ್ಟಾರ್ಟರ್. ಹತ್ತು ಕೈ ದಾಟಿ ಬಂದ ಗಾಡಿಯಲ್ಲಿ ಮಾತ್ರ ಬಣ್ಣವನ್ನು ನಂಬಿ ಕೂರಬೇಡಿ. ಕೈಗೆ ಸಿಕ್ಕಿದ ವೈರು ಎಳೆದು ಕೆಲಸ ಮುಗಿಸಿದವರು ಎಲ್ಲ ಕಾಲದಲ್ಲೂ ಇದ್ದರು.

ಹಂತ 2: ಸಾಮಾನು ಮತ್ತು ಸುರಕ್ಷತೆ

ಒಂದು ಡಿಜಿಟಲ್ ಮಲ್ಟಿಮೀಟರ್, ಒಂದು ಟೆಸ್ಟ್ ಲ್ಯಾಂಪ್ (21 ವ್ಯಾಟಿನ ಇಂಡಿಕೇಟರ್ ಬಲ್ಬಿಗೆ ಎರಡು ವೈರು ಮತ್ತು ಕ್ಲಿಪ್ಪು ಹಾಕಿದರೆ ಸಾಕು), ಮಧ್ಯೆ ಫ್ಯೂಸ್ ಇರುವ ಒಂದು ಉದ್ದನೆಯ ವೈರು, ಹಿತ್ತಾಳೆ ಬ್ರಶ್ಶು, ನಯವಾದ ಎಮರಿ ಪೇಪರ್. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್. ಹಳೇ ಗಾಡಿಯಲ್ಲಿ ಪೆಟ್ರೋಲ್ ಪೈಪು, ಕಾರ್ಬೊರೇಟರ್ ಎಲ್ಲೋ ಒಂಚೂರು ಒಸರುತ್ತಲೇ ಇರುತ್ತವೆ, ಕಿಡಿ ಹಾರಲು ಅದು ಒಳ್ಳೇ ಜಾಗವಲ್ಲ.

ಟೆಸ್ಟ್ ಲ್ಯಾಂಪ್ ಯಾಕೆ ಬೇಕು, ಮೀಟರ್ ಸಾಲದೇ? ಸಾಲದು. ಡಿಜಿಟಲ್ ಮೀಟರ್ ತನಗಾಗಿ ಎಳೆದುಕೊಳ್ಳುವ ಕರೆಂಟು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹದಿನಾಲ್ಕು ಎಳೆ ತಂತಿಯಲ್ಲಿ ಹದಿಮೂರು ತುಂಡಾಗಿ ಒಂದೇ ಉಳಿದಿದ್ದರೂ ಅದು 12 ವೋಲ್ಟು ಅಂತಲೇ ತೋರಿಸುತ್ತದೆ. ಅದೇ ಜಾಗಕ್ಕೆ 21 ವ್ಯಾಟಿನ ಬಲ್ಬು ಹಿಡಿಯಿರಿ, ಬಲ್ಬು ಮಿಣಕ್ ಅನ್ನುತ್ತದೆ. ಮೀಟರು ಮುಚ್ಚಿಟ್ಟಿದ್ದನ್ನು ಬಲ್ಬು ಹೇಳಿಬಿಡುತ್ತದೆ.

ಬ್ಯಾಟರಿ ಕಳಚುವಾಗ ಯಾವಾಗಲೂ ಅರ್ಥ್ ಕೇಬಲ್ ಮೊದಲು ಬಿಚ್ಚಿ, ಹಾಕುವಾಗ ಅದನ್ನೇ ಕೊನೆಗೆ ಹಾಕಿ. ಪಾಸಿಟಿವ್ ಅರ್ಥ್ ಗಾಡಿಯಲ್ಲಿ ಇದು ಪ್ಲಸ್ ಕೇಬಲ್ ಅನ್ನುವುದು ನೆನಪಿರಲಿ. ಅರ್ಥ್ ಬಿಚ್ಚಿದ ಮೇಲೆ ಸ್ಪ್ಯಾನರ್ ಬಾಡಿಗೆ ತಗುಲಿದರೂ ಏನೂ ಆಗುವುದಿಲ್ಲ. ಬೆರಳಿನ ಉಂಗುರ, ಲೋಹದ ವಾಚು ತೆಗೆದಿಡಿ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಹತ್ತಿರ ಬೀಡಿ ಸಿಗರೇಟು ಬೇಡ.

ಹಂತ 3: ಬ್ಯಾಟರಿ

ಗಾಡಿ ನಿಂತು ಕೆಲವು ಗಂಟೆ ಆದ ಮೇಲೆ ಅಳೆಯಿರಿ. ಪೂರ್ತಿ ಚಾರ್ಜ್ ಆದ 12 ವೋಲ್ಟಿನ ಬ್ಯಾಟರಿ 12.6ರಿಂದ 12.7 ತೋರಿಸಬೇಕು. 12.2 ಅಂದ್ರೆ ಅರ್ಧ, 12.0ಕ್ಕಿಂತ ಕೆಳಗೆ ಅಂದ್ರೆ ಹೆಚ್ಚುಕಡಿಮೆ ಖಾಲಿ. 6 ವೋಲ್ಟಿನದ್ದಾದರೆ ಇವುಗಳ ಅರ್ಧ ಲೆಕ್ಕ, ಅಂದ್ರೆ ತುಂಬಿದ್ದಾಗ 6.3.

ಇಷ್ಟಕ್ಕೇ ಬ್ಯಾಟರಿ ಚೆನ್ನಾಗಿದೆ ಅನ್ನಬೇಡಿ. ಮೀಟರ್ ಬ್ಯಾಟರಿಯ ಮೇಲೆಯೇ ಇರಲಿ, ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ವೋಲ್ಟೇಜು 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ದಣಿದಿದೆ ಅಥವಾ ಸ್ಟಾರ್ಟರ್ ಮಿತಿಮೀರಿ ಕರೆಂಟು ಎಳೆಯುತ್ತಿದೆ. ಬ್ಯಾಟರಿ 11 ವೋಲ್ಟಿನಲ್ಲಿ ನಿಂತಿದ್ದರೂ ಸೆಲ್ಫ್ ಎಳೆದಾಡುತ್ತಿದ್ದರೆ, ಬ್ಯಾಟರಿಗೆ ಬೈಯಬೇಡಿ. ಕರೆಂಟು ದಾರಿಯಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡಿದೆ.

ಹಂತ 4: ವೋಲ್ಟು ಎಲ್ಲಿ ಕಳೆದುಹೋಯಿತು?

ಈ ಹಂತ ಕೈವಶವಾದರೆ ಮುಕ್ಕಾಲು ಪಾಲು ದೋಷ ಸಿಕ್ಕಿದ ಹಾಗೆ. ಕರೆಂಟು ಹರಿಯುವಾಗ ಪ್ರತಿ ಕೆಟ್ಟ ಜೋಡಣೆಯೂ ಒಂದಿಷ್ಟು ವೋಲ್ಟು ತಿನ್ನುತ್ತದೆ. ತಿಂದದ್ದು ಶಾಖವಾಗಿ ಹೋಗುತ್ತದೆ. ಅದಕ್ಕೇ ಕೆಟ್ಟ ಟರ್ಮಿನಲ್ ಮುಟ್ಟಿದರೆ ಬಿಸಿ ಇರುತ್ತದೆ.

ಲೆಕ್ಕ ನೋಡಿ. 45 ವ್ಯಾಟಿನ ಎರಡು ಹೆಡ್‌ಲೈಟು 12 ವೋಲ್ಟಿನಲ್ಲಿ ಒಟ್ಟು 7.5 ಆಂಪ್ ಎಳೆಯುತ್ತವೆ. ದಾರಿಯಲ್ಲಿರುವ ಸ್ವಿಚ್ಚಿನಲ್ಲಿ ಬರೀ 0.2 ಓಮ್ ತಡೆ ಇದ್ದರೂ ಅಲ್ಲಿ ಒಂದೂವರೆ ವೋಲ್ಟು ಹತ್ತಿರ ಹೋಯಿತು. ಸಾಮಾನ್ಯ ಬಲ್ಬಿನಲ್ಲಿ ವೋಲ್ಟೇಜು ಶೇಕಡಾ 10 ಕಡಿಮೆಯಾದರೆ ಬೆಳಕು ಸುಮಾರು ಶೇಕಡಾ 30 ಕಡಿಮೆಯಾಗುತ್ತದೆ. ಮಂಕು ಲೈಟಿನ ಗುಟ್ಟು ಇಷ್ಟೇ. 6 ವೋಲ್ಟಿನ ಗಾಡಿಯಲ್ಲಿ ಇದು ಇನ್ನೂ ಜಾಸ್ತಿ, ಯಾಕಂದ್ರೆ ಅಷ್ಟೇ ವ್ಯಾಟಿಗೆ ಎರಡು ಪಟ್ಟು ಕರೆಂಟು ಬೇಕು.

ಈಗ ಅಳೆಯುವ ಬಗೆ. ಹೆಡ್‌ಲೈಟು ಹಾಕಿ. ಮೀಟರ್ 20 ವೋಲ್ಟ್ ಡಿಸಿಯಲ್ಲಿರಲಿ. ಒಂದು ಕಡ್ಡಿಯನ್ನು ಬ್ಯಾಟರಿಯ ಲೈವ್ ಟರ್ಮಿನಲ್ ಮೇಲೆ ಇಡಿ, ಅದನ್ನು ಅಲ್ಲಾಡಿಸಬೇಡಿ. ಇನ್ನೊಂದನ್ನು ಬಲ್ಬಿನ ಹಿಂದಿನ ಲೈವ್ ಟರ್ಮಿನಲ್ಲಿಗೆ ಮುಟ್ಟಿಸಿ. ಮೀಟರ್ ತೋರಿಸುವುದು ದಾರಿಯಲ್ಲಿ ಕಳೆದ ವೋಲ್ಟು. 0.5 ಒಳಗಿದ್ದರೆ ಹಳೇ ಗಾಡಿಗೆ ಪರವಾಗಿಲ್ಲ. 2 ವೋಲ್ಟು ಬಂತು ಅನ್ನಿ. ಇನ್ನೊಂದು ಕಡ್ಡಿಯನ್ನು ಒಂದೊಂದೇ ಜೋಡಣೆ ಹಿಂದಕ್ಕೆ ತನ್ನಿ: ಬಲ್ಬಿನ ಹತ್ತಿರದ ಬುಲೆಟ್ ಕನೆಕ್ಟರ್, ಡಿಮ್ ಸ್ವಿಚ್ಚಿನ ಹೊರಗಿನ ವೈರು, ಅದರ ಒಳಗಿನ ವೈರು, ಲೈಟ್ ಸ್ವಿಚ್ಚು. ಡಿಮ್ ಸ್ವಿಚ್ಚಿನ ಹೊರಗಡೆ 1.8, ಒಳಗಡೆ 0.4 ಬಂದರೆ ಕಳ್ಳ ಸಿಕ್ಕಿದ. ಕಾಲಿನಿಂದ ಒತ್ತುವ ನೆಲದ ಸ್ವಿಚ್ಚಾದರೆ ಆಶ್ಚರ್ಯವೇ ಇಲ್ಲ, ನೀರು ಮಣ್ಣು ಎಲ್ಲ ಅದರ ಮೇಲೆಯೇ ಬೀಳುತ್ತದೆ.

ಸ್ಟಾರ್ಟರಿಗೂ ಇದೇ ವಿಧಾನ. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಲೈವ್ ಟರ್ಮಿನಲ್‌ನಿಂದ ಸ್ಟಾರ್ಟರ್ ಬೋಲ್ಟಿನವರೆಗೆ 0.5 ವೋಲ್ಟಿಗಿಂತ ಜಾಸ್ತಿ ಕಳೆಯಬಾರದು. ಕಡ್ಡಿಯನ್ನು ಬ್ಯಾಟರಿಯ ಸೀಸದ ಕಂಬಕ್ಕೇ ಒತ್ತಿ, ಕ್ಲಾಂಪಿಗೆ ಅಲ್ಲ. ಕಂಬಕ್ಕೂ ಕ್ಲಾಂಪಿಗೂ ಮಧ್ಯೆಯೇ ಅರ್ಧ ವೋಲ್ಟು ನುಂಗುವುದು ಮಾಮೂಲು. 6 ವೋಲ್ಟಿನ ಗಾಡಿಗೆ ಯಾರಾದರೂ 12 ವೋಲ್ಟಿನ ತೆಳು ಬ್ಯಾಟರಿ ಕೇಬಲ್ ಹಾಕಿದ್ದರೆ ಎಷ್ಟು ಉಜ್ಜಿದರೂ ಸೆಲ್ಫ್ ಎಳೆದಾಡುತ್ತಲೇ ಇರುತ್ತದೆ. ದಪ್ಪ ಕೇಬಲ್ ಹಾಕುವುದೊಂದೇ ದಾರಿ.

ಹೆಡ್‌ಲೈಟಿಗೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಹಾಯಿಸುವ ಸ್ವಿಚ್ಚು) ಹಾಕುವುದು ಗಾಡಿಯ ಹಳೇತನ ಕೆಡಿಸಿದ ಹಾಗೆ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ರಿಲೇ ಹಾಕಿದರೆ ಸಿಗದ ಹಳೇ ಸ್ವಿಚ್ಚು ಉಳಿಯುತ್ತದೆ, ರಸ್ತೆಯೂ ಕಾಣುತ್ತದೆ. ಬೇಡ ಅಂದಾಗ ತೆಗೆದು ಹಾಕಬಹುದು. ಆದರೆ ಅರ್ಥ್ ಸರಿಮಾಡದೆ ರಿಲೇ ಹಾಕಿದರೆ ಅದು ಸುಮ್ನೆ ಖರ್ಚು.

ಹಂತ 5: ಅರ್ಥ್

ಕರೆಂಟು ಬಲ್ಬಿಗೆ ಬಂದರೆ ಸಾಲದು, ವಾಪಸ್ಸೂ ಹೋಗಬೇಕು. ಲೈಟು ಉರಿಯುವಾಗ ಮೀಟರಿನ ಒಂದು ಕಡ್ಡಿ ಬಲ್ಬಿನ ಹೋಲ್ಡರಿನ ಲೋಹಕ್ಕೆ, ಇನ್ನೊಂದು ಬ್ಯಾಟರಿಯ ಅರ್ಥ್ ಕಂಬಕ್ಕೆ. 0.2 ವೋಲ್ಟು ದಾಟಬಾರದು.

ಕೆಟ್ಟ ಅರ್ಥ್ ಕೆಲವು ಸಲ ವಿಚಿತ್ರ ಲಕ್ಷಣ ತೋರಿಸುತ್ತದೆ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುವುದು, ಇಂಡಿಕೇಟರ್ ಹಾಕಿದರೆ ಟೈಲ್ ಲೈಟು ಕುಣಿಯುವುದು, ಹಾರ್ನ್ ಹೊಡೆದಾಗ ಡ್ಯಾಶ್‌ಬೋರ್ಡಿನ ಮುಳ್ಳು ಅಲ್ಲಾಡುವುದು. ಒಂದು ಕೆಲಸ ಮಾಡಿದರೆ ಇನ್ನೇನೋ ಆಗುತ್ತಿದೆ ಅಂದರೆ ಸ್ವಿಚ್ಚು ಬಿಚ್ಚಬೇಡಿ, ಆ ಲೈಟಿನ ಅರ್ಥ್ ನೋಡಿ. ಬಾಡಿಗೆ ಹೋಗುವ ದಾರಿ ಕಟ್ಟಿದಾಗ ಕರೆಂಟು ಪಕ್ಕದ ಬಲ್ಬಿನ ಮೂಲಕ ದಾರಿ ಮಾಡಿಕೊಳ್ಳುತ್ತದೆ, ಅಷ್ಟೇ.

ಎಲ್ಲಕ್ಕಿಂತ ಮುಖ್ಯವಾದದ್ದು ಎಂಜಿನ್ನಿಂದ ಚಾಸಿಗೆ ಹೋಗುವ ಹೆಣೆದ ತಾಮ್ರದ ಪಟ್ಟಿ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗಿನ ಮೇಲೆ, ಹಾಗಾಗಿ ಈ ಪಟ್ಟಿ ಇಲ್ಲದಿದ್ದರೆ ಅದಕ್ಕೆ ಸರಿಯಾದ ಅರ್ಥ್ ಇಲ್ಲ. ಎಂಜಿನ್ ಇಳಿಸಿ ಹತ್ತಿಸಿದವರು ಇದನ್ನು ಮರೆತಿರುವುದು ಬಹಳ ಕಾಮನ್. ಆಗ ಸ್ಟಾರ್ಟರಿನ ನೂರಾರು ಆಂಪ್ ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಹಿಡಿದು ಬಾಡಿಗೆ ಬರುತ್ತದೆ. ಸೆಲ್ಫ್ ಹೊಡೆದಾಗ ಚೋಕ್ ಕೇಬಲ್ ಬಿಸಿಯಾದರೆ, ಅದರ ಪ್ಲಾಸ್ಟಿಕ್ ಹೊದಿಕೆ ಕರಗಿದ್ದರೆ, ಬೇರೆ ಸಾಕ್ಷಿ ಬೇಡ.

ಅರ್ಥ್ ಸರಿ ಮಾಡುವುದು ಅಂದರೆ ಬೋಲ್ಟ್ ಬಿಗಿ ಮಾಡುವುದಲ್ಲ. ಪೂರ್ತಿ ಬಿಚ್ಚಿ. ಬಾಡಿಯ ಲೋಹ ಹೊಳೆಯುವವರೆಗೆ ಪೇಂಟು ತುಕ್ಕು ಉಜ್ಜಿ. ಟರ್ಮಿನಲ್ಲಿನ ಎರಡೂ ಮುಖ ಉಜ್ಜಿ. ಹಲ್ಲಿರುವ ಸ್ಟಾರ್ ವಾಷರ್ ಹಾಕಿ ಬಿಗಿ ಮಾಡಿ. ಆಮೇಲೆ ಮೇಲಿನಿಂದ ವ್ಯಾಸಲೀನ್ ಸವರಿ. ಹೊಸದಾಗಿ ಪೇಂಟ್ ಮಾಡಿಸಿ ತಂದ ಗಾಡಿಯಲ್ಲಿ ಒಂದೂ ಲೈಟು ಸರಿಯಾಗಿ ಉರಿಯದೇ ಇರಲು ಇದೇ ಕಾರಣ. ಪೇಂಟು ಎಷ್ಟು ಚೆನ್ನಾಗಿದೆಯೋ ಅರ್ಥ್ ಅಷ್ಟು ಕೆಟ್ಟದಾಗಿರುತ್ತದೆ.

ಗಾಡಿಗಳ ಕರೆಂಟಿನ ಭಾಗ ಮಾಡುತ್ತಿದ್ದ ಬ್ರಿಟನ್ನಿನ ಲೂಕಾಸ್ ಕಂಪನಿಯನ್ನು ಹಳೇ ಕಾರಿನವರು 'ಕತ್ತಲ ರಾಜಕುಮಾರ' ಅಂತ ಹಾಸ್ಯ ಮಾಡುತ್ತಾರಲ್ಲ, ಆ ಬೈಗುಳದಲ್ಲಿ ದೊಡ್ಡ ಪಾಲು ಈ ತುಕ್ಕು ಹಿಡಿದ ಬೋಲ್ಟುಗಳಿಗೆ ಸೇರಬೇಕು.

ಹಂತ 6: ಚಾರ್ಜಿಂಗ್

ಎಂಜಿನ್ ಸ್ವಲ್ಪ ಜೋರಾಗಿ ಓಡುವಾಗ ಬ್ಯಾಟರಿಯ ಮೇಲೆ 13.8ರಿಂದ 14.5 ವೋಲ್ಟು ಇರಬೇಕು. 6 ವೋಲ್ಟಿನಲ್ಲಿ 7 ದಾಟಬೇಕು. ಡೈನಮೋ ಗಾಡಿ ಐಡ್ಲಿಂಗಿನಲ್ಲಿ ಹೆಚ್ಚೇನೂ ಚಾರ್ಜ್ ಮಾಡುವುದಿಲ್ಲ, ಡ್ಯಾಶ್‌ಬೋರ್ಡಿನ ಚಾರ್ಜಿಂಗ್ ಕೆಂಪು ದೀಪ ಮಿಣುಕಿದರೂ ಗಾಬರಿ ಬೇಡ. ಲೂಕಾಸ್ ಸಿ40 ಡೈನಮೋ ಕೊಡುವುದೇ ಸುಮಾರು 22 ಆಂಪ್. ಹೆಚ್ಚುವರಿ ಫಾಗ್ ಲೈಟು, ದೊಡ್ಡ ಸ್ಟೀರಿಯೋ ಹಾಕಿ ಬ್ಯಾಟರಿ ಇಳಿಯಿತು ಅಂದರೆ ಅದು ದೋಷವಲ್ಲ.

ಚಾರ್ಜ್ ಇಲ್ಲದಿದ್ದರೆ ಡೈನಮೋ ಕೆಟ್ಟಿದೆಯೋ ರೆಗ್ಯುಲೇಟರೋ? ಬೆಲ್ಟು ಬಿಗಿ ಇದೆ ಅಂತ ನೋಡಿಕೊಂಡು ಹೀಗೆ ಮಾಡಿ. ಇದು ಡಿ ಮತ್ತು ಎಫ್ ಎಂಬ ಎರಡು ಟರ್ಮಿನಲ್ ಇರುವ 12 ವೋಲ್ಟಿನ ಲೂಕಾಸ್ ಮಾದರಿಗೆ ಸರಿಹೋಗುವ ಪರೀಕ್ಷೆ:

1. ಎಂಜಿನ್ ನಿಲ್ಲಿಸಿ, ಡೈನಮೋದಿಂದ ಎರಡೂ ವೈರು ಬಿಚ್ಚಿ, ಬಾಡಿಗೆ ತಾಗದಂತೆ ಇಡಿ.
2. ಡಿ ಮತ್ತು ಎಫ್ ಟರ್ಮಿನಲ್ಲುಗಳನ್ನು ಒಂದು ತುಂಡು ವೈರಿನಿಂದ ಸೇರಿಸಿ.
3. ಮೀಟರಿನ ಒಂದು ಕಡ್ಡಿ ಆ ವೈರಿಗೆ, ಇನ್ನೊಂದು ಡೈನಮೋದ ಮೈಗೆ.
4. ಎಂಜಿನ್ ಐಡ್ಲಿಂಗಿನಲ್ಲಿ ಶುರು ಮಾಡಿ, ನಿಧಾನಕ್ಕೆ ಏರಿಸಿ. 1000 ಆರ್‌ಪಿಎಂ ಹತ್ತಿರ ಬೇಕಾದಷ್ಟಾಯಿತು. ಮೀಟರ್ 20 ವೋಲ್ಟು ದಾಟುವಂತೆ ಏರಿಸಬೇಡಿ, ಆರ್ಮೇಚರ್ (ಒಳಗೆ ತಿರುಗುವ ಸುರುಳಿ) ಸುಡುತ್ತದೆ.

ವೋಲ್ಟೇಜು ತಡೆಯಿಲ್ಲದೆ ಸರ್ರನೆ ಏರಿದರೆ ಡೈನಮೋ ಸರಿ ಇದೆ, ರೆಗ್ಯುಲೇಟರ್ ಅಥವಾ ಮಧ್ಯದ ವೈರು ನೋಡಿ. ಒಂದು ವೋಲ್ಟಿನ ಆಸುಪಾಸು ನಿಂತರೆ ಫೀಲ್ಡ್ ಕಾಯಿಲ್ (ಕಾಂತಶಕ್ತಿ ಕೊಡುವ ಸುರುಳಿ) ಮೇಲೆ ಅನುಮಾನ, ನಾಲ್ಕೈದು ವೋಲ್ಟಿನಲ್ಲಿ ನಿಂತರೆ ಆರ್ಮೇಚರ್ ಮೇಲೆ. ಏನೂ ಬರದಿದ್ದರೆ ಮೊದಲು ಕಾರ್ಬನ್ ಬ್ರಶ್ ನೋಡಿ. ಸವೆದಿರುತ್ತದೆ ಅಥವಾ ಹೋಲ್ಡರಿನಲ್ಲಿ ಸಿಕ್ಕಿಕೊಂಡಿರುತ್ತದೆ.

ಬಹಳ ದಿನ ನಿಂತ ಡೈನಮೋ ತನ್ನ ಉಳಿಕೆ ಕಾಂತಶಕ್ತಿ ಕಳೆದುಕೊಂಡಿರಬಹುದು. ಗಾಡಿಯ ಅರ್ಥ್ ಪ್ಲಸ್‌ನಿಂದ ಮೈನಸ್‌ಗೆ ಬದಲಾಗಿದ್ದರೂ ಅದಕ್ಕೆ ಹೊಸ ದಿಕ್ಕು ಕೊಡಬೇಕು. ಈ ಮಾದರಿಯಲ್ಲಿ ಎಫ್ ಟರ್ಮಿನಲ್ಲಿನ ವೈರು ಬಿಚ್ಚಿ, ಬ್ಯಾಟರಿಯ ಲೈವ್‌ನಿಂದ ತಂದ ವೈರನ್ನು ಎಫ್‌ಗೆ ಎರಡು ಮೂರು ಸಲ ಚಕ್ ಅಂತ ಮುಟ್ಟಿಸಿದರೆ ಆಯಿತು. ಬೇರೆ ಮಾದರಿಗಳಲ್ಲಿ ಕ್ರಮ ಬೇರೆ, ಅದರ ಕೈಪಿಡಿ ನೋಡದೆ ಇದನ್ನು ಮಾಡಬೇಡಿ.

ರೆಗ್ಯುಲೇಟರ್ ಪೆಟ್ಟಿಗೆಯೊಳಗೆ ಕಟ್‌ಔಟ್ ಅಂತ ಒಂದಿರುತ್ತದೆ. ಡೈನಮೋ ವೋಲ್ಟೇಜು ಸುಮಾರು 13 ತಲುಪಿದಾಗ ಅದು ಟಕ್ ಅಂತ ಕೂತು ಬ್ಯಾಟರಿಗೆ ಸೇರಿಸುತ್ತದೆ. ಎಂಜಿನ್ ನಿಂತಾಗ ಬಿಡಬೇಕು. ಕೆಲವು ಸಲ ಅದರ ಪಾಯಿಂಟು ಅಂಟಿಕೊಂಡು ಬಿಡುವುದೇ ಇಲ್ಲ. ಆಗ ಬ್ಯಾಟರಿ ಡೈನಮೋವನ್ನೇ ಮೋಟರ್ ಥರ ತಿರುಗಿಸಲು ನೋಡುತ್ತದೆ. ಎಂಜಿನ್ ಆರಿಸಿದ ಮೇಲೂ ಡೈನಮೋ ಬಿಸಿಯಾಗುತ್ತಾ ಹೋದರೆ ಕೂಡಲೇ ಬ್ಯಾಟರಿ ಕಳಚಿ. ಇನ್ನು ರೆಗ್ಯುಲೇಟರಿನ ಸ್ಕ್ರೂ ತಿರುಗಿಸಲು ಎಲ್ಲರಿಗೂ ಕೈ ತುರಿಸುತ್ತದೆ. ಪೆಟ್ಟಿಗೆಯ ಅರ್ಥ್ ವೈರು ಸರಿ ಇದೆ ಅಂತ ಖಾತ್ರಿ ಆಗುವವರೆಗೆ ಮುಟ್ಟಬೇಡಿ.

ಆಲ್ಟರ್ನೇಟರ್ ಗಾಡಿಗೆ ಎರಡೇ ಮಾತು. ಎಂಜಿನ್ ಓಡುವಾಗ ಬ್ಯಾಟರಿ ಕಳಚಬೇಡಿ, ಡಯೋಡು ಹೋಗುತ್ತದೆ. ಮತ್ತೆ, ಕೀ ಹಾಕಿದಾಗ ಕೆಂಪು ದೀಪ ಬರುತ್ತಿಲ್ಲ ಅಂದರೆ ಮೊದಲು ಆ ಬಲ್ಬು ನೋಡಿ. ಹಲವು ಆಲ್ಟರ್ನೇಟರುಗಳು ಆ ಬಲ್ಬಿನ ಮೂಲಕ ಬರುವ ಕರೆಂಟಿನಿಂದಲೇ ಎಚ್ಚರಗೊಳ್ಳುವುದು. ಪುಟ್ಟ ಬಲ್ಬು ಹೋಗಿದ್ದಕ್ಕೆ ಇಡೀ ಆಲ್ಟರ್ನೇಟರ್ ಬದಲಾಯಿಸಿಕೊಂಡವರಿದ್ದಾರೆ.

ಹಂತ 7: ಫ್ಯೂಸು ಮತ್ತು ಶಾರ್ಟ್

ಹಳೇ ಬ್ರಿಟಿಷ್ ಗಾಜಿನ ಫ್ಯೂಸಿನ ಮೇಲೆ 35 ಆಂಪ್ ಅಂತ ಇದ್ದರೆ ಅದು ಸುಟ್ಟುಹೋಗುವ ಮಟ್ಟ. ಸತತವಾಗಿ ಹೊರುವುದು 17 ಆಂಪ್ ಮಾತ್ರ. ಅಮೆರಿಕನ್ ಗಾಜಿನ ಫ್ಯೂಸಿನ ಮೇಲಿನ ಅಂಕಿ ಸತತ ಹೊರುವ ಕರೆಂಟು. ಅಂಕಿ ಹೊಂದಿತು ಅಂತ ಅಮೆರಿಕನ್ ಫ್ಯೂಸನ್ನು ಬ್ರಿಟಿಷ್ ಫ್ಯೂಸಿನ ಜಾಗಕ್ಕೆ ಹಾಕಿದರೆ ಫ್ಯೂಸಿಗಿಂತ ಮೊದಲು ವೈರು ಸುಡುತ್ತದೆ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವ ಉಪಾಯವಂತೂ ಬೇಡವೇ ಬೇಡ.

ಹೊಸ ಫ್ಯೂಸ್ ಹಾಕಿದ ಕೂಡಲೇ ಹೋಗುತ್ತಿದ್ದರೆ ಫ್ಯೂಸ್ ಮೇಲೆ ಫ್ಯೂಸ್ ಬಲಿ ಕೊಡಬೇಡಿ. ಅದರ ಜಾಗಕ್ಕೆ ನಿಮ್ಮ 21 ವ್ಯಾಟಿನ ಟೆಸ್ಟ್ ಲ್ಯಾಂಪ್ ಸೇರಿಸಿ. ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ. ಹರಿಯುವುದು 2 ಆಂಪಿಗಿಂತ ಕಡಿಮೆ, ಹಾಗಾಗಿ ವೈರಿಗೆ ಅಪಾಯವಿಲ್ಲ. ಈಗ ಆ ಫ್ಯೂಸಿನ ಮೇಲಿರುವ ಸಾಮಾನುಗಳನ್ನು ಒಂದೊಂದಾಗಿ ಕಳಚಿ, ವೈರಿನ ಕಟ್ಟನ್ನು ಅಲ್ಲಲ್ಲಿ ಅಲ್ಲಾಡಿಸಿ. ಎಲ್ಲಿ ಮುಟ್ಟಿದಾಗ ಬಲ್ಬು ಮಂಕಾಗುತ್ತದೋ ಆರುತ್ತದೋ ಶಾರ್ಟ್ ಅಲ್ಲೇ ಇದೆ. ಎಂಜಿನ್ ಕೋಣೆಯಿಂದ ಒಳಗೆ ವೈರು ನುಗ್ಗುವ ತೂತು, ಡಿಕ್ಕಿಯ ಹಿಂಜ್, ಸ್ಟೀರಿಂಗ್ ಕಾಲಮ್ಮಿನ ಕೆಳಗೆ, ಇವು ಮೊದಲು ನೋಡಬೇಕಾದ ಜಾಗಗಳು. ಬಟ್ಟೆ ಸುತ್ತಿದ ರಬ್ಬರ್ ವೈರು ಬಗ್ಗಿಸಿದಾಗ ರಬ್ಬರ್ ಪುಡಿಪುಡಿಯಾಗಿ ಉದುರಿದರೆ ರಿಪೇರಿ ಯೋಚನೆ ಬಿಟ್ಟು ಹೊಸ ವೈರಿಂಗ್ ಹಾಕಿಸಿ.

ರಾತ್ರಿ ಕಳೆಯುವಷ್ಟರಲ್ಲಿ ಬ್ಯಾಟರಿ ಇಳಿಯುತ್ತಿದ್ದರೂ ಇದೇ ದಾರಿ. ಎಲ್ಲ ಆಫ್ ಮಾಡಿ, ಅರ್ಥ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಕಂಬಕ್ಕೂ ಮಧ್ಯೆ ಮೊದಲು ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಉರಿಯದಿದ್ದರೆ ಮೀಟರನ್ನು 10 ಆಂಪಿಗೆ ಹಾಕಿ ಸೇರಿಸಿ. ಗಡಿಯಾರ ಬಿಟ್ಟರೆ ಹಳೇ ಗಾಡಿಯಲ್ಲಿ ಏನೂ ಎಳೆಯಬಾರದು. ಮೀಟರ್ ಇರುವಾಗ ಸೆಲ್ಫ್ ಹೊಡೆದರೆ ಮೀಟರಿನ ಕಥೆ ಮುಗಿಯಿತು.

ಹಂತ 8: ಇಗ್ನಿಷನ್

ಕಿಡಿ ಬರುತ್ತಿಲ್ಲ ಅಂದಾಗ ಕಾಯಿಲ್ ಕೊಳ್ಳಲು ಓಡಬೇಡಿ. ಕೀ ಆನ್ ಮಾಡಿ, ಪಾಯಿಂಟು ಮುಚ್ಚಿರುವಂತೆ ಎಂಜಿನ್ ತಿರುಗಿಸಿ ನಿಲ್ಲಿಸಿ. ಡಿಸ್ಟ್ರಿಬ್ಯೂಟರಿಗೆ ಬರುವ ತೆಳು ವೈರಿಗೂ ಬಾಡಿಗೂ ಮಧ್ಯೆ ಅಳೆಯಿರಿ. 0.2, 0.3 ವೋಲ್ಟಿಗಿಂತ ಜಾಸ್ತಿ ಇದ್ದರೆ ಪಾಯಿಂಟು ಸುಟ್ಟಿದೆ, ಇಲ್ಲವೇ ಒಳಗಿನ ತಟ್ಟೆಗೆ ಹಾಕಿರುವ ಪುಟ್ಟ ಹೆಣೆದ ಅರ್ಥ್ ವೈರು ಹರಿದಿದೆ. ಈ ವೈರನ್ನು ಬೆರಳಿನಿಂದ ಎಳೆದು ನೋಡಿ, ಕಣ್ಣಿಗೆ ಚೆನ್ನಾಗಿ ಕಂಡರೂ ಒಳಗೆ ತುಂಡಾಗಿರುತ್ತದೆ. ಪಾಯಿಂಟು ತೆರೆದಾಗ ಪೂರ್ತಿ ಬ್ಯಾಟರಿ ವೋಲ್ಟೇಜು ಬರಬೇಕು. ಬರದಿದ್ದರೆ ಕಾಯಿಲ್ಲಿಗೆ ಸಪ್ಲೈ ಇಲ್ಲ, ಅಥವಾ ಡಿಸ್ಟ್ರಿಬ್ಯೂಟರಿನೊಳಗೆ ಅರ್ಥ್ ಆಗುತ್ತಿದೆ. ಪಾಯಿಂಟು ಮುಚ್ಚಿದಂತೆ ಬಿಟ್ಟು ಕೀ ಆನ್ ಇಟ್ಟು ಹೋಗಬೇಡಿ, ಕಾಯಿಲ್ ಬಿಸಿಯಾಗುತ್ತದೆ.

ಪಾಯಿಂಟಿನ ಗ್ಯಾಪು ಹೆಚ್ಚಿನ ಲೂಕಾಸ್ ಡಿಸ್ಟ್ರಿಬ್ಯೂಟರುಗಳಲ್ಲಿ 0.35ರಿಂದ 0.40 ಮಿಲಿಮೀಟರ್. ಪಾಯಿಂಟು ಬೇಗ ಬೇಗ ಸುಡುತ್ತಿದ್ದರೆ ಪಾಯಿಂಟಿನಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ನೋಡಿ. ಕಾಯಿಲ್ಲಿನ ಪ್ರೈಮರಿ ತಡೆ ಸಾಮಾನ್ಯವಾಗಿ 3 ಓಮ್ ಹತ್ತಿರ. 1.5 ಓಮ್ ಇದ್ದರೆ ಅದು ಬ್ಯಾಲಸ್ಟ್ ರೆಸಿಸ್ಟರ್ (ಕರೆಂಟು ಮಿತಿಯಲ್ಲಿಡುವ ಹೊರಗಿನ ತಡೆ) ಜೊತೆ ಓಡಬೇಕಾದ ಕಾಯಿಲ್. ಅದನ್ನು ನೇರ 12 ವೋಲ್ಟಿಗೆ ಕೊಟ್ಟರೆ ಸ್ವಲ್ಪ ದೂರ ಓಡಿ, ಕಾದು, ನಿಂತುಬಿಡುತ್ತದೆ. ತಣ್ಣಗಾದ ಮೇಲೆ ಮತ್ತೆ ಶುರು! ಇಂಥದ್ದನ್ನು ಪೆಟ್ರೋಲ್ ದೋಷ ಅಂದುಕೊಂಡು ಕಾರ್ಬೊರೇಟರ್ ಬಿಚ್ಚುವವರೇ ಜಾಸ್ತಿ.

ಇನ್ನು ಸಣ್ಣಪುಟ್ಟವು

ಇಂಡಿಕೇಟರ್ ಒಂದು ಕಡೆ ಮಾತ್ರ ಸರಿಯಾಗಿ ಮಿಣುಕುತ್ತಿಲ್ಲ ಅಂದರೆ ಫ್ಲ್ಯಾಶರ್ (ಇಂಡಿಕೇಟರ್ ಮಿಣುಕಿಸುವ ಡಬ್ಬಿ) ಕಾರಣವಲ್ಲ, ಆ ಕಡೆಯ ಬಲ್ಬು ಅಥವಾ ಅರ್ಥ್. ಎರಡೂ ಕಡೆ ಇಲ್ಲ ಅಂದರೆ ಫ್ಲ್ಯಾಶರ್ ಮತ್ತು ಅದರ ಸಪ್ಲೈ ನೋಡಿ. ಎಲ್‌ಇಡಿ ಬಲ್ಬು ಹಾಕಿದ ಮೇಲೆ ಹೀಗಾದರೆ ಹಳೇ ಬಿಸಿ ತಂತಿಯ ಫ್ಲ್ಯಾಶರಿಗೆ ಅಷ್ಟು ಕಡಿಮೆ ಕರೆಂಟು ಸಾಲದು.

ಪೆಟ್ರೋಲ್ ಮತ್ತು ಟೆಂಪರೇಚರ್ ಮುಳ್ಳು ಎರಡೂ ಒಟ್ಟಿಗೆ ಸುಳ್ಳು ಹೇಳುತ್ತಿದ್ದರೆ ಡ್ಯಾಶ್‌ಬೋರ್ಡಿನ ಹಿಂದೆ ಸರಾಸರಿ 10 ವೋಲ್ಟು ಕೊಡುವ ಸ್ಟೆಬಿಲೈಸರ್ ಇದೆಯೇ ನೋಡಿ. ಅದರ ಅರ್ಥ್ ಹೋದರೆ ಎರಡೂ ಮುಳ್ಳು ಮೇಲಕ್ಕೆ ಓಡುತ್ತವೆ. ಒಂದೇ ತಪ್ಪಾಗಿದ್ದರೆ ಅದರ ಸೆಂಡರ್ (ಟ್ಯಾಂಕ್ ಅಥವಾ ಎಂಜಿನ್ನಿನಲ್ಲಿ ಕೂತು ಮುಳ್ಳಿಗೆ ಸುದ್ದಿ ಕೊಡುವ ಭಾಗ) ನೋಡಿ. ಟ್ಯಾಂಕಿನ ಹತ್ತಿರ ಪರೀಕ್ಷೆ ಮಾಡುವಾಗ ವೈರು ಮೊದಲು ಸೇರಿಸಿ, ಆಮೇಲೆ ಕೀ ಆನ್ ಮಾಡಿ. ಅಲ್ಲಿ ಕಿಡಿ ಹಾರಬಾರದು.

ವೈರು ಸೇರಿಸುವಾಗ ಸರಿಯಾದ ಇಕ್ಕಳದಿಂದ ಟರ್ಮಿನಲ್ ಒತ್ತಿ ಬಿಗಿದು ಕ್ರಿಂಪ್ ಮಾಡಿ. ಬೆಸುಗೆ ಹಾಕಿದರೆ ಅದು ಎಳೆಗಳೊಳಗೆ ಏರಿ ವೈರು ಗಟ್ಟಿಯಾಗುತ್ತದೆ, ಗಾಡಿಯ ಅದುರಿಗೆ ಅಲ್ಲೇ ಮುರಿಯುತ್ತದೆ. ಹಾಕಲೇಬೇಕಾದರೆ ಪಕ್ಕದಲ್ಲೇ ಕ್ಲಿಪ್ಪಿನಿಂದ ಬಿಗಿದು ಆಧಾರ ಕೊಡಿ. ಹೊಸ ವೈರು ಹಳೆಯದಕ್ಕಿಂತ ತೆಳು ಇರಬಾರದು. ತೂತಿನ ಮೂಲಕ ಹೋಗುವಲ್ಲಿ ರಬ್ಬರ್ ಗ್ರಾಮೆಟ್ ಹಾಕಿ. ಗಾಡಿ ವಾರಗಟ್ಟಲೆ ನಿಲ್ಲುವುದಾದರೆ ಬ್ಯಾಟರಿಗೆ ಒಂದು ಕಟ್ ಆಫ್ ಸ್ವಿಚ್ ಹಾಕಿ, ಹಳೇ ಗಾಡಿಗಳಲ್ಲಿ ಹಲವು ವೈರುಗಳಿಗೆ ಫ್ಯೂಸೇ ಇರುವುದಿಲ್ಲ.

ಎಲ್ಲ ಸರಿಹೋದ ದಿನ ನಾಲ್ಕು ಅಂಕಿ ಬರೆದಿಟ್ಟುಕೊಳ್ಳಿ: ನಿಂತಾಗಿನ ಬ್ಯಾಟರಿ ವೋಲ್ಟೇಜು, ಸೆಲ್ಫ್ ಹೊಡೆಯುವಾಗಿನದ್ದು, ಚಾರ್ಜಿಂಗಿನದ್ದು, ಹೆಡ್‌ಲೈಟಿನ ಬಲ್ಬಿನ ಹತ್ತಿರದ್ದು. ವೈರಿಂಗ್ ನಕ್ಷೆಯ ಮೂಲೆಯಲ್ಲಿ ತಾರೀಖಿನ ಜೊತೆ ಬರೆದರೆ ಸಾಕು. ಮುಂದೆ ಯಾವುದಾದರೂ ಅಂಕಿ ಅರ್ಧ ವೋಲ್ಟು ಇಳಿದದ್ದು ಕಂಡರೆ ನಾಲ್ಕನೇ ಹಂತದಿಂದ ಶುರು ಮಾಡಿ.